ಎರಡು ನಿಮಿಷದಲ್ಲಿ ನಿದ್ದೆ ಬರಲ್ಲ ಸ್ವಾಮಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ‘ಎರಡೇ ನಿಮಿಷದಲ್ಲಿ ನಿದ್ದೆ’ ಅಂತ ಒಂದು ಬರಹ ಹಾಕಿದ್ದೀರಿ. ಓದಿ ನಗು ಬಂತು, ಆಮೇಲೆ ಸಿಟ್ಟೂ ಬಂತು. ಎರಡು ನಿಮಿಷದಲ್ಲಿ ನಿದ್ದೆ ಬರುವವರಿಗೆ ಆ ಬರಹ ಬೇಕಾಗಿಲ್ಲ. ಬರದೇ ಇರುವವರು ಅದನ್ನು ನಂಬಿ, ರಾತ್ರಿ ಮಾಡಿ ನೋಡಿ, ಮೂರನೇ ನಿಮಿಷಕ್ಕೆ ‘ಅಯ್ಯೋ, ನನಗೆ ಇದೂ ಆಗಲಿಲ್ಲವಲ್ಲ’ ಅಂತ ಇನ್ನಷ್ಟು ಗಾಬರಿ ಬೀಳುತ್ತಾರೆ. ಎಂಟು ತಿಂಗಳು ನಿದ್ದೆಗೆಟ್ಟವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ಮಂಡ್ಯದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮೆಷಿನ್ ಇಟ್ಟುಕೊಂಡು ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ಹೋದ ವರ್ಷ ಮಗಳ ಮದುವೆ ಆಯಿತು, ಸಾಲ ಉಳಿಯಿತು. ಮಂಗಳವಾರ ಕಂತು ಕಟ್ಟಬೇಕು, ಹಾಗಾಗಿ ಮೊದಮೊದಲು ಸೋಮವಾರ ರಾತ್ರಿ ಮಾತ್ರ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ವಾರದ ಲೆಕ್ಕವೇ ತಪ್ಪಿಹೋಯಿತು. ಜಾಸ್ತಿ ಹೊತ್ತು ಮಲಗಿದರೆ ಜಾಸ್ತಿ ನಿದ್ದೆ ಸಿಗುತ್ತೆ ಅಂತ ಒಂಬತ್ತೂವರೆಗೇ ದೀಪ ಆರಿಸುತ್ತಿದ್ದೆ. ಪಕ್ಕದಲ್ಲಿ ಯಜಮಾನರ ಗೊರಕೆ, ಎದುರಿಗೆ ಗೋಡೆ ಗಡಿಯಾರ, ನಾನು ಅದನ್ನೇ ನೋಡಿಕೊಂಡು ‘ಈಗ ಕಣ್ಣು ಹತ್ತಿದರೂ ನಾಲ್ಕು ಗಂಟೆ ಸಿಗುತ್ತೆ, ಈಗ ಹತ್ತಿದರೂ ಮೂರು ಗಂಟೆ’ ಅಂತ ಲೆಕ್ಕ ಹಾಕುತ್ತಾ, ಎದೆ ಡವಡವ ಅಂತ ಹೊಡೆದುಕೊಳ್ಳುತ್ತಾ, ಬೆಳಗಿನ ಹಾಲಿನವನ ಸೈಕಲ್ ಸದ್ದು ಕೇಳುವವರೆಗೂ ಹಾಗೇ ಬಿದ್ದಿರುತ್ತಿದ್ದೆ. ಒಂದು ದಿನ ಹಿಂದಿನ ಬೀದಿಯವರ ರೇಷ್ಮೆ ಬ್ಲೌಸಿಗೆ ಎರಡು ತೋಳನ್ನೂ ಎಡಗೈಗೇ ಕತ್ತರಿಸಿಬಿಟ್ಟೆ. 22 ವರ್ಷದಲ್ಲಿ ಮೊದಲ ಸಲ. ಕತ್ತರಿ ಕೆಳಗಿಟ್ಟು ಅತ್ತುಬಿಟ್ಟೆ.

ಬಂದವರೆಲ್ಲ ಒಂದೊಂದು ಹೇಳಿದರು. ಗಸಗಸೆ ಪಾಯಸ ಕುಡಿ, ಅಂಗಾಲಿಗೆ ಹರಳೆಣ್ಣೆ ತಿಕ್ಕು, ದೇವರ ನಾಮ ಹೇಳಿಕೋ. ಎಣ್ಣೆ ಹಿತವಾಗಿತ್ತು, ಸುಳ್ಳು ಹೇಳಲ್ಲ, ಈಗಲೂ ಹಚ್ಚುತ್ತೇನೆ. ನಿದ್ದೆ ಮಾತ್ರ ಬರಲಿಲ್ಲ. ಕೊನೆಗೆ ನಮ್ಮ ಓರಗಿತ್ತಿ ತಾನು ನುಂಗುವ ಆಲ್ಪ್ರಾಜೋಲಂ ಮಾತ್ರೆಯಲ್ಲಿ ಎರಡು ಕೊಟ್ಟಳು, ಆಮೇಲೆ ಒಂದು ಮೆಡಿಕಲ್ ಅಂಗಡಿಯಲ್ಲಿ ಚೀಟಿ ಗೀಟಿ ಏನೂ ಕೇಳದೆ ಒಂದು ಸ್ಟ್ರಿಪ್ಪೇ ಕೊಟ್ಟರು. ಅದು ಎಚ್1 ಪಟ್ಟಿಯ ಔಷಧಿಯಂತೆ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದು, ಯಾರಿಗೆ ಕೊಟ್ಟೆವು ಅಂತ ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ನನ್ನ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ವಾರ ಚೆನ್ನಾಗಿ ನಿದ್ದೆ ಬಂತು. ತಿಂಗಳಾಗುವಷ್ಟರಲ್ಲಿ ರಾತ್ರಿಗೆ ಒಂದು ಮಾತ್ರೆ ಸಾಲದಾಯಿತು, ಬಿಟ್ಟರೆ ಮೊದಲಿಗಿಂತ ಕೆಟ್ಟ ರಾತ್ರಿ. ಆದರೆ ಡಾಕ್ಟರ್ ಬರೆದುಕೊಟ್ಟು ನುಂಗುತ್ತಿರುವವರು ನನ್ನ ಕಾಗದ ಓದಿ ತಟ್ಟನೆ ನಿಲ್ಲಿಸಬೇಡಿ, ಅದು ಅಪಾಯ. ಅವರನ್ನೇ ಕೇಳಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಒಂದು ರಾತ್ರಿ ಒಂದೂವರೆಗೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ದುಡ್ಡಿಲ್ಲ, 24 ಗಂಟೆಯೂ ಎತ್ತುತ್ತಾರೆ. ಆ ಹೊತ್ತಲ್ಲಿ ಒಂದು ಹೆಣ್ಣು ದನಿ ಕನ್ನಡದಲ್ಲಿ ‘ಹೇಳಿ ಅಮ್ಮ’ ಅಂದಾಗಲೇ ಅರ್ಧ ಭಾರ ಇಳಿಯಿತು. ಅವರು ಹೇಳಿದ ಮೇಲೆ ಸರ್ಕಾರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋದೆ. ‘ಹುಚ್ಚರ ಡಾಕ್ಟರ ಹತ್ತಿರ ಹೋಗ್ತಾಳೆ’ ಅಂತ ನೆಂಟರು ಅಂದರು. ಅನ್ನಲಿ ಬಿಡಿ.

ಡಾಕ್ಟರಮ್ಮ ಮೊದಲು ಕೇಳಿದ್ದು, ‘ಹಾಸಿಗೆ ಮೇಲೆ ಎಷ್ಟು ಹೊತ್ತು ಇರ್ತೀರಿ, ಅದರಲ್ಲಿ ನಿದ್ದೆ ಎಷ್ಟು?’ ಎರಡು ವಾರ ಬರೆದುಕೊಂಡು ಹೋದೆ. ಎಂಟೂವರೆ ಗಂಟೆ ಹಾಸಿಗೆ, ಐದು ಗಂಟೆ ನಿದ್ದೆ. ಉಳಿದ ಮೂರೂವರೆ ಗಂಟೆ ನಾನು ಹಾಸಿಗೆ ಮೇಲೆ ಚಿಂತೆ ಮಾಡೋದನ್ನು ಅಭ್ಯಾಸ ಮಾಡಿಕೊಂಡಿದ್ದೆ, ದಿಂಬಿಗೆ ತಲೆ ಕೊಟ್ಟ ಕೂಡಲೇ ಸಾಲ ನೆನಪಾಗೋದು ಅದಕ್ಕೇ ಅಂದರು. ಹಾಗಾಗಿ ನಿದ್ದೆ ತೂಗಿ ಬಂದಾಗ ಮಾತ್ರ ಮಲಗಬೇಕು. ಇಪ್ಪತ್ತು ನಿಮಿಷದಷ್ಟು ಹೊತ್ತಾದರೂ ಬರಲಿಲ್ಲ ಅನ್ನಿಸಿದರೆ, ಗಡಿಯಾರ ನೋಡದೆ, ಎದ್ದು ಬೇರೆ ಕೋಣೆಗೆ ಹೋಗಬೇಕು. ತೂಕಡಿಕೆ ಬಂದ ಮೇಲೆ ವಾಪಸ್ ಬರಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಏಳೋ ಹೊತ್ತು ಮಾತ್ರ ಒಂದೇ. ಹಗಲು ಮಲಗೋ ಹಾಗಿಲ್ಲ. ಅಮೆರಿಕದ ಬೂಟ್ಜಿನ್ ಅನ್ನುವ ಮನಶ್ಶಾಸ್ತ್ರಜ್ಞ 1972ರಲ್ಲೇ ಇದನ್ನು ಹೇಳಿದ್ದಾರೆ ಅಂತ ಮಗ ಹುಡುಕಿ ತೋರಿಸಿದ. ದೊಡ್ಡವರಿಗೆ ಬಹಳ ದಿನದ ನಿದ್ರಾಹೀನತೆ ಇದ್ದರೆ ಮಾತ್ರೆಗಿಂತ ಮೊದಲು ಇಂಥ ಚಿಕಿತ್ಸೆಯನ್ನೇ ಕೊಡಬೇಕು ಅಂತ ಅಲ್ಲಿನ ವೈದ್ಯರ ಸಂಸ್ಥೆ 2016ರಲ್ಲಿ ಹೇಳಿತಂತೆ. ನಮ್ಮ ಪುರವಣಿಗೆ ಇದಿನ್ನೂ ತಲುಪಿಲ್ಲ ಅಲ್ವಾ?

ನನಗೆ ಹನ್ನೆರಡಕ್ಕೆ ಮಲಗಿ ಐದೂವರೆಗೆ ಏಳಲು ಹೇಳಿದರು. ನಿದ್ದೆ ಇಲ್ಲದವಳಿಗೆ ಇನ್ನೂ ಕಡಿಮೆ ಮಲಗು ಅನ್ನೋದಾ ಅಂತ ಅನ್ನಿಸಿತು. ಮೊದಲ ವಾರ ನರಕ. ರಾತ್ರಿ ಎದ್ದು ಮುಂದಿನ ಕೋಣೆಯಲ್ಲಿ ಸಣ್ಣ ದೀಪ ಹಾಕಿ, ಗುಂಡಿ ಡಬ್ಬಿ ಸುರುವಿಕೊಂಡು ಬಣ್ಣ ಬಣ್ಣ ಬೇರೆ ಮಾಡುತ್ತಾ ಕೂರುತ್ತಿದ್ದೆ. ಬಿಳಿ ಬೇರೆ, ಕೆನೆ ಬಣ್ಣ ಬೇರೆ. ಆ ಎರಡನ್ನು ಮಂಕು ಬೆಳಕಲ್ಲಿ ಬೇರೆ ಮಾಡೋದಕ್ಕಿಂತ ಬೇಜಾರಿನ ಕೆಲಸ ಇನ್ನೊಂದಿಲ್ಲ, ಕಣ್ಣು ತಾನೇ ಎಳೆಯುತ್ತಿತ್ತು. ಫೋನ್ ಮುಟ್ಟಲಿಲ್ಲ. ಮೂರನೇ ವಾರಕ್ಕೆ ಮಲಗಿದ್ದೇ ಗೊತ್ತಾಗದ ಹಾಗೆ ನಿದ್ದೆ ಹತ್ತಿತು. ಆಮೇಲೆ ವಾರಕ್ಕೆ ಕಾಲು ಗಂಟೆಯಂತೆ ಜಾಸ್ತಿ ಮಾಡಿದರು. ಬಸ್ಸು, ಲಾರಿ ಓಡಿಸುವವರು, ಮೂರ್ಛೆ ರೋಗ ಇರುವವರು ಹೀಗೆ ಮಲಗುವ ಹೊತ್ತು ಕಡಿಮೆ ಮಾಡುವ ಕೆಲಸಕ್ಕೆ ತಾವೇ ಕೈ ಹಾಕಬಾರದು, ಡಾಕ್ಟರನ್ನು ಕೇಳಿಯೇ ಮಾಡಬೇಕು.

ಚಿಂತೆಗೂ ಒಂದು ಹೊತ್ತು ಗೊತ್ತು ಮಾಡಿದರು, ಸಂಜೆ ಆರೂವರೆ. ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲೇ ಬರೆಯುತ್ತೇನೆ. ಎಡಗಡೆ ಚಿಂತೆ, ಬಲಗಡೆ ನಾಳೆ ಮಾಡೋದೇನು. ‘ಕಂತು 1,850. ಎದುರು ಮನೆಯವರ ಫಾಲ್ಸ್ ದುಡ್ಡು ಕೇಳು.’ ‘ಮಗನ ಫೀಸು. ಕಾಲೇಜಿಗೆ ಹೋಗಿ ಎರಡು ಕಂತಿಗೆ ಕೇಳು.’ ಕೆಲವಕ್ಕೆ ಬಲಗಡೆ ಬರೆಯೋಕೆ ಏನೂ ಇರಲ್ಲ, ಖಾಲಿ ಬಿಡುತ್ತೇನೆ. ಸಾಲ ತೀರಿಲ್ಲ ಸ್ವಾಮಿ, ಆದರೆ ರಾತ್ರಿ ಎರಡು ಗಂಟೆಗೆ ಅದು ಬಂದು ಕೂತರೆ ‘ಬರೆದಾಗಿದೆ, ಹೋಗು’ ಅನ್ನಬಹುದು.

ಕಾಫಿ ಬಗ್ಗೆ ಒಂದು ಮಾತು. ಸಂಜೆ ಆರಕ್ಕೆ ಕುಡಿದ ಕಾಫಿಯ ಅರ್ಧ ಕಸುವು ಹನ್ನೊಂದಾದರೂ ಮೈಯಲ್ಲೇ ಇರುತ್ತದಂತೆ. ನಾನು ಮಧ್ಯಾಹ್ನಕ್ಕೇ ನಿಲ್ಲಿಸಿದೆ, ಅದೊಂದೇ ಕಷ್ಟ ಆಗಿದ್ದು. ಎದೆ ಹೊಡೆದುಕೊಂಡಾಗ ಮುಷ್ಟಿ ಬಿಗಿಮಾಡಿ ಐದು ಎಣಿಸಿ ಸಡಿಲ ಬಿಡೋದು, ಹಾಗೇ ಭುಜ, ಹೊಟ್ಟೆ, ಕಾಲು. ನನಗೆ ಕಾಲಿನ ಹತ್ತಿರ ಬರುವಷ್ಟರಲ್ಲಿ ಉಸಿರು ನಿಧಾನ ಆಗುತ್ತೆ. ಇನ್ನು ಕಬ್ಬು ಹೇರಿಕೊಂಡು ರಾತ್ರಿ ಹನ್ನೆರಡಕ್ಕೆ ಟೇಪ್ ಕಿರುಚಿಸಿಕೊಂಡು ಹೋಗುವ ಟ್ರ್ಯಾಕ್ಟರ್ ಹುಡುಗರಿಗೆ ಯಾವ ಡಾಕ್ಟರೂ ಮದ್ದು ಕೊಡಲಾರರು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬೀದಿಯಲ್ಲಿ ಧ್ವನಿವರ್ಧಕ ಹಾಕಬಾರದು ಅಂತ ಕಾನೂನು ಇದೆ. ಪೊಲೀಸರು ಕೇಳಿಸಿಕೊಂಡರೆ ಸಾಕು.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೇ ಆದರೆ ಸುಮ್ನೆ ಕೂರಬೇಡಿ, ತೋರಿಸಿ. ಗೊರಕೆ ನಡುವೆ ಉಸಿರು ಕಟ್ಟುವವರು ಅಷ್ಟು ದಿನವೂ ಕಾಯಬೇಡಿ. ಜೀವವೇ ಬೇಡ ಅನ್ನಿಸಿದರೆ ಬೆಳಗಾಗಲಿ ಅಂತಲೂ ಕಾಯಬೇಡಿ, ಮನೆಯವರನ್ನು ಎಬ್ಬಿಸಿ, 14416ಕ್ಕೆ ಫೋನ್ ಮಾಡಿ.

ಸಂಪಾದಕರೇ, ನನ್ನದು ಒಂದೇ ಕೋರಿಕೆ. ನಿಮ್ಮ ಪತ್ರಿಕೆಯಲ್ಲಿ ದಿನಾ ಕೆಆರ್‌ಎಸ್ ನೀರಿನ ಮಟ್ಟ ಹಾಕುತ್ತೀರಲ್ಲ, ಗರಿಷ್ಠ 124.80 ಅಡಿ, ಇಂದು ಇಷ್ಟು ಅಂತ? ಮಂಡ್ಯದಲ್ಲಿ ಅದನ್ನು ನೋಡದೆ ಪತ್ರಿಕೆ ಮಡಚುವವರು ಯಾರೂ ಇಲ್ಲ. ಅದರ ಕೆಳಗೆ ಒಂದು ಸಾಲಲ್ಲಿ 14416 ಅಂತ ಹಾಕಿ.

ಇಂತಿ,
ಒಬ್ಬ ಟೈಲರ್, ಮಂಡ್ಯ
(ಹೆಸರು ಹಾಕಬೇಡಿ. ಆ ಬ್ಲೌಸಿನವರು ನಿಮ್ಮ ಪತ್ರಿಕೆಯನ್ನೇ ತರಿಸುತ್ತಾರೆ.)