ಮಲಕ್ಕಾದಲ್ಲಿ ಹಂಪಿಯನ್ನು ಹುಡುಕಿದರೆ

ಮಾನ್ಯ ಸಂಪಾದಕರೇ,

ಪುರವಣಿಯ ಮಲೇಷ್ಯಾ ಪ್ರವಾಸ ಲೇಖನ ಓದಿಸಿಕೊಂಡು ಹೋಗುತ್ತದೆ. ಆದರೆ ಅದರ ಎರಡು ವಾಕ್ಯಗಳನ್ನು ತಿದ್ದಲೇಬೇಕು. ಮಲಕ್ಕಾ ಪಟ್ಟಣ ಕಟ್ಟಿದವರು ಪೋರ್ಚುಗೀಸರು ಎಂಬುದು ಒಂದು. ಕೆಡಾ ರಾಜ್ಯದ ಬುಜಾಂಗ್ ಕಣಿವೆ ಚೋಳರು ಕಟ್ಟಿಸಿದ ನಗರ ಎಂಬುದು ಇನ್ನೊಂದು. ಲೇಖಕರನ್ನೊಬ್ಬರನ್ನೇ ದೂರುವಂತಿಲ್ಲ, ಗೈಡುಗಳ ಬಾಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವುದೂ ಇದೇ. ಹಳೆಯ ಊರೆಂದರೆ ನಮಗೆ ಹಂಪಿ, ಬಾದಾಮಿ. ಕಲ್ಲು ಕಂಡರೆ ಮಾತ್ರ ಇತಿಹಾಸ. ಮಲಯರು ಊರು ಕಟ್ಟಿದ್ದು ಮರ, ಬಿದಿರು, ಓಲೆ, ಮಣ್ಣಿನಿಂದ. ಇನ್ನೂರು ವರ್ಷಕ್ಕೆ ಅದೆಲ್ಲ ಮಣ್ಣಾಯಿತು. ಆಮೇಲೆ ಬಂದವರ ಕಲ್ಲು ಉಳಿಯಿತು, ಊರಿನ ಹೆಸರೂ ಅವರ ಖಾತೆಗೇ ಜಮೆಯಾಯಿತು.

ಮಲಯರ ಊರು ಅರ್ಥವಾಗಬೇಕಾದರೆ ಹೊಳೆಯಿಂದ ಶುರುಮಾಡಬೇಕು. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸುವುದೇ ಬೇಡ. ನಾವು ಅಳಿವೆ ಎನ್ನುವುದು ಅವರಿಗೆ ಕ್ವಾಲಾ. ಸಣ್ಣ ಹೊಳೆ ದೊಡ್ಡದಕ್ಕೆ ಸೇರುವ ಕೂಡ್ಲಿಗೂ ಅದೇ ಮಾತು. ಕ್ವಾಲಾಲಂಪುರ ಎಂದರೆ ಕೆಸರಿನ ಕೂಡ್ಲಿ. ಹೊಳೆಯ ಮೇಲುಭಾಗ ಹುಲು, ಕೆಳಭಾಗ ಹಿಲಿರ್, ದೋಣಿ ಹತ್ತಿಸುವ ಕಟ್ಟೆ ಪಂಗ್ಕಾಲನ್. ಒಳನಾಡೆಲ್ಲ ದಟ್ಟ ಕಾಡು, ಗಾಡಿದಾರಿ ಇಲ್ಲ. ಮೇಲಿನಿಂದ ಕರ್ಪೂರ, ಬೆತ್ತ, ಅಗರು, ಜೇನುಮೇಣ, ತವರ, ಚಿನ್ನದ ಪುಡಿ ದೋಣಿಯಲ್ಲೇ ಇಳಿಯಬೇಕು. ಕೆಳಗಿನಿಂದ ಉಪ್ಪು, ಒಣಮೀನು, ಬಟ್ಟೆ, ಮಡಕೆ ದೋಣಿಯಲ್ಲೇ ಹತ್ತಬೇಕು. ಅಳಿವೆಯಲ್ಲಿ ನಾಲ್ಕು ದೋಣಿ ನಿಲ್ಲಿಸಿಕೊಂಡು ಸುಂಕ ಎತ್ತುವವನ ಕಣ್ಣು ತಪ್ಪಿಸಿ ಯಾವ ಸರಕೂ ದಾಟಲಾರದು. ಅಲ್ಲಿ ಅರಸೊತ್ತಿಗೆ ಹುಟ್ಟಿದ್ದು ಈ ಸುಂಕದ ಕಟ್ಟೆಯ ಮೇಲೆ. ಗದ್ದೆ ಎಷ್ಟು ಎಕರೆ ಎಂಬುದು ಎರಡನೆಯ ಪ್ರಶ್ನೆ.

ಜಾಗ ಆರಿಸುವುದರಲ್ಲೂ ಲೆಕ್ಕವಿತ್ತು. ತೀರಾ ಕಡಲ ಬಾಯಿಗೆ ಕೂತರೆ ಬಾವಿಗೆ ಉಪ್ಪುನೀರು, ಗಾಳಿ, ಕಡಲ್ಗಳ್ಳರು. ತೀರಾ ಮೇಲೆ ಹೋದರೆ ಹಡಗು ಬಾರದು. ಉಬ್ಬರದ ನೀರು ದೋಣಿಯನ್ನು ತಾನಾಗಿ ತಂದುಬಿಡುವಷ್ಟು ಹತ್ತಿರ, ಕುಡಿಯುವ ನೀರು ಸಿಹಿಯಾಗಿರುವಷ್ಟು ದೂರ, ಪಕ್ಕದಲ್ಲೊಂದು ಗುಡ್ಡವಿದ್ದರೆ ಇನ್ನೂ ಒಳ್ಳೆಯದು. ಮನೆಗಳು ಹೊಳೆ ತಾನೇ ಒಟ್ಟಿದ ಎತ್ತರದ ದಂಡೆಯ ಮೇಲೆ ಅಥವಾ ಪರ್ಮಾತಂಗ್ ಎಂಬ ಹಳೆಯ ಮರಳುದಿಣ್ಣೆಯ ಮೇಲೆ ಒಂದೇ ಸಾಲಾಗಿ ಕೂರುತ್ತಿದ್ದವು. ಹಿಂದೆ ತೆಂಗು, ಹಣ್ಣಿನ ಮರ, ಅದರ ಹಿಂದೆ ಜೌಗು ಗದ್ದೆ. ಬೀದಿ ಎಂಬುದಿಲ್ಲ, ಮನೆಯ ಮುಖ ನೀರಿನ ಕಡೆಗೆ. ಪೆನಾಂಗ್, ಕೆಡಾ ಕಡೆ ಪರ್ಮಾತಂಗ್ ಎಂದು ಶುರುವಾಗುವ ಊರ ಹೆಸರುಗಳು ಈ ದಿಣ್ಣೆಗಳವು. ಅಂದಹಾಗೆ ಪೆನಾಂಗ್ ಎಂದು ನಾವು ಹೇಳುವ ಪುಲಾವ್ ಪಿನಾಂಗ್ ಎಂದರೆ ಅಡಿಕೆ ದ್ವೀಪ. ತೀರ್ಥಹಳ್ಳಿ, ಸಿರ್ಸಿಯವರು ಗಮನಿಸಲಿ.

ಮನೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಊರು ಯಾಕೆ ಮಾಯವಾಯಿತು ಎಂಬುದು ಅಲ್ಲೇ ಇದೆ. ಕಂಬಕ್ಕೆ ಚೆಂಗಾಲ್‌ನಂಥ ಗಟ್ಟಿ ಮರ. ಕಂಬವನ್ನು ನೆಲದಲ್ಲಿ ಹೂಳದೆ ಚಪ್ಪಟೆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. ಹೂತರೆ ತೇವಕ್ಕೂ ಗೆದ್ದಲಿಗೂ ಬುಡ ಹೋಗುತ್ತದೆ. ಮೊದಲು ಏಳುವುದು ತಿಯಾಂಗ್ ಸೆರಿ ಎಂಬ ನಡುಗಂಬ, ಅದರ ನೆತ್ತಿಯ ಸಂದಿಯಲ್ಲಿ ಬಣ್ಣದ ಬಟ್ಟೆಯ ತುಂಡುಗಳನ್ನು ಇಡುವುದು ವಾಡಿಕೆ. ಅಳತೆಗೆ ಮಾರು, ಅದೂ ಮನೆಯೊಡತಿಯ ತೋಳಿನ ಮಾರು. ಮೊಳೆ ಇಲ್ಲ, ತೂತು, ಗೂಟ, ಬೆಣೆ ಅಷ್ಟೇ. ಬೆಣೆ ತಟ್ಟಿ ತೆಗೆದರೆ ಮನೆ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ಕಡೆ ಕಟ್ಟಬಹುದು. ಮಾಡಿಗೆ ಅಳಿವೆಯ ಕೆಸರಲ್ಲೇ ಬೆಳೆಯುವ ನಿಪಾ ಓಲೆ. ಸೀಳಿದ ಕಡ್ಡಿಯ ಮೇಲೆ ಎಲೆಯನ್ನು ಮಡಚಿ, ಒಂದರ ಮೇಲೊಂದು ಅರ್ಧ ಬರುವಂತೆ ಹೊಲಿದು ತಟ್ಟಿ ಮಾಡುತ್ತಾರೆ. ತಟ್ಟಿಗಳನ್ನು ಸೂರಿನಿಂದ ಮೇಲಕ್ಕೆ ಸಾಲುಸಾಲಾಗಿ ಬೆತ್ತದಲ್ಲಿ ಕಟ್ಟುತ್ತಾರೆ. ಸಾಲು ವಿರಳವಾದರೆ ಸೋರುತ್ತದೆ, ಮಾಡಿನ ಇಳಿಜಾರು ಕಡಿಮೆಯಾದರೆ ನೀರು ನಿಂತು ಓಲೆ ಕೊಳೆಯುತ್ತದೆ. ನಮ್ಮ ಮಡಲು, ಸೋಗೆ ಹೊದಿಸುವವರ ಲೆಕ್ಕವೂ ಇದೇ. ಚೆನ್ನಾಗಿ ಹೊದಿಸಿದರೂ ಕೆಲವೇ ವರ್ಷ, ಮತ್ತೆ ಹೊಸದು. ಇಂಥ ಊರು ಬಿಟ್ಟುಹೋದ ಮೇಲೆ ಅಗೆಯುವವರಿಗೆ ಸಿಗುವುದು ಮಡಕೆ ಚೂರು, ಮಣಿ, ಕಂಬದ ಬುಡದ ಕಲ್ಲು.

ಸುಮಾತ್ರಾದ ಪಲೆಂಬಾಂಗ್ ಇನ್ನೂ ಒಂದು ಹೆಜ್ಜೆ ಮುಂದೆ. ಮೂಸಿ ನದಿಯ ಮೇಲಿನ ಈ ಊರು ಶ್ರೀವಿಜಯ ಎಂಬ ಹಳೆಯ ಕಡಲ ರಾಜ್ಯದ ರಾಜಧಾನಿ. 671ರಲ್ಲಿ ಬಂದ ಚೀನೀ ಭಿಕ್ಷು ಯಿಜಿಂಗ್ ಕೋಟೆಯೊಳಗೆ 1000ಕ್ಕೂ ಹೆಚ್ಚು ಬೌದ್ಧ ಭಿಕ್ಷುಗಳಿದ್ದಾರೆ ಎಂದು ಬರೆದ. 682ರ ಕೆಡುಕನ್ ಬುಕಿತ್ ಶಾಸನ ಅಲ್ಲೇ ಸಿಕ್ಕಿದೆ. ಲಿಪಿ ಪಲ್ಲವ, ಭಾಷೆ ಹಳೆಯ ಮಲಯ. ಆದರೆ ಅಲ್ಲಿನ ಜನರ ಮನೆ? 15ನೇ ಶತಮಾನದ ಆರಂಭದಲ್ಲಿ ಚೀನೀ ನೌಕಾಪಡೆಯ ಜೊತೆ ಬಂದ ಮಾ ಹುವಾನ್ ಹೇಳುವ ಪ್ರಕಾರ ಮುಖಂಡರು ದಡದಲ್ಲಿ, ಉಳಿದವರು ಗೂಟಕ್ಕೆ ಕಟ್ಟಿದ ತೆಪ್ಪದ ಮನೆಗಳಲ್ಲಿ. ನೀರು ಏರಿದರೆ ಮನೆ ಏರುತ್ತದೆ. ಬೇರೆಡೆ ಇರಬೇಕೆನಿಸಿದರೆ ಗೂಟ ಕಿತ್ತುಕೊಂಡು ಮನೆ ಸಮೇತ ಹೊರಟರಾಯಿತು. ಇಂಥ ರಾಜಧಾನಿಯ ತಳಪಾಯ ಎಲ್ಲಿ ಸಿಗಬೇಕು? 1970ರ ದಶಕದಲ್ಲಿ ಅಗೆದವರಿಗೆ ಅಷ್ಟು ಹಳೆಯದೇನೂ ಸಿಗದೆ, ಶ್ರೀವಿಜಯ ಇಲ್ಲಿತ್ತೇ ಎಂಬ ಅನುಮಾನವೇ ಎದ್ದಿತ್ತು. ಮುಂದಿನ ದಶಕಗಳ ಉತ್ಖನನದ ನಂತರವೇ ಅದು ಇಳಿದದ್ದು.

ಈಗ ಬುಜಾಂಗ್ ಕಣಿವೆಗೆ ಬರೋಣ. 1217 ಮೀಟರ್ ಎತ್ತರದ ಜೆರಾಯ್ ಬೆಟ್ಟ ಕಡಲಿನಿಂದ ದೂರಕ್ಕೇ ಕಾಣುತ್ತದೆ; ಬಂಗಾಳ ಕೊಲ್ಲಿ ದಾಟಿ ಬರುವ ನಾವಿಕನಿಗೆ ಅದೇ ಗುರುತು. ಬುಡದಲ್ಲಿ ಮೆರ್ಬೊಕ್ ಹೊಳೆಯ ಅಳಿವೆ. ಗಾಳಿ ತಿರುಗುವವರೆಗೆ ಹಡಗು ಕಾಯಬೇಕಾದ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ತಂಗುದಾಣ ಬೇಕೇ? ತಮಿಳು ಶಾಸನಗಳ ಕಡಾರಂ ಇದೇ. ಅಲ್ಲಿಂದ ದಕ್ಷಿಣಕ್ಕೆ, ಈಗಿನ ಸೆಬರಾಂಗ್ ಪೆರಾಯ್‌ನಲ್ಲಿ, 1834ರಲ್ಲಿ ಸಿಕ್ಕ 5ನೇ ಶತಮಾನದ ಶಾಸನವೊಂದು ರಕ್ತಮೃತ್ತಿಕಾ ಎಂಬ ಊರಿನ ಮಹಾನಾವಿಕ ಬುದ್ಧಗುಪ್ತನ ಪಯಣ ಕೈಗೂಡಲಿ ಎಂದು ಹಾರೈಸುತ್ತದೆ. ಸುಂಗಾಯ್ ಬಾತುವಿನಲ್ಲಿ 2009ರಿಂದ ನಡೆದ ಉತ್ಖನನದಲ್ಲಿ ಕಬ್ಬಿಣ ಕರಗಿಸುವ ಕುಲುಮೆ, ಕಿಟ್ಟ, ತಿದಿಯ ಗಾಳಿ ಹೋಗುವ ಮಣ್ಣಿನ ಕೊಳವೆ, ಹೊಳೆಬದಿಯ ಇಟ್ಟಿಗೆ ಕಟ್ಟಡಗಳ ಬುಡ ಸಿಕ್ಕಿವೆ. ಅಲ್ಲಿನ ಅತಿ ಹಳೆಯ ಕಾಲಮಾನದ ಬಗ್ಗೆ ವಿದ್ವಾಂಸರಲ್ಲಿ ಜಗಳ ಮುಗಿದಿಲ್ಲ. ಕಬ್ಬಿಣದ ಕೆಲಸ ಚೋಳರ ಹಡಗು ಬರುವುದಕ್ಕೆ ಎಷ್ಟೋ ಮೊದಲಿನದು ಎಂಬುದರಲ್ಲಿ ಜಗಳವಿಲ್ಲ.

ಚಂಡಿ ಎಂದು ಅವರು ಕರೆಯುವ ಗುಡಿಗಳನ್ನೂ ಗಮನಿಸಿ. ಬುಡ ಮಾತ್ರ ಇಟ್ಟಿಗೆ, ಕಲ್ಲು ಅಥವಾ ಮುರಕಲ್ಲು. ಮೇಲೆ ಮರದ ಕಂಬ ಕೂರಲು ಕೆತ್ತಿದ ಪೀಠಗಳು ಸಾಲಾಗಿ ಉಳಿದಿವೆ. ಮಾಡು ಎಂದೋ ಹೋಗಿದೆ. ದೇವರು, ವಿಧಿ ಭಾರತದ್ದು ಸರಿ. ಕಟ್ಟಿದ ರೀತಿ ಮೇಲೆ ಹೇಳಿದ ಮಲಯ ಮನೆಯ ರೀತಿಯೇ.

ಹಾಗಾದರೆ ಚೋಳರ ಪಾತ್ರ? ರಾಜರಾಜನ ಕಾಲದಲ್ಲಿ ಕಡಾರಂನ ಅರಸನೇ ನಾಗಪಟ್ಟಣದಲ್ಲಿ ಚೂಡಾಮಣಿ ವಿಹಾರ ಕಟ್ಟಿಸಿದ, ಅದಕ್ಕೆ ಆನೈಮಂಗಲಂ ಎಂಬ ಹಳ್ಳಿ ಉಂಬಳಿಯಾಯಿತು. ಅಂದರೆ ಕಟ್ಟಿಸುವ ದುಡ್ಡು ಆ ದಡದಿಂದ ಈ ದಡಕ್ಕೆ ಬರುತ್ತಿತ್ತು! 1025ರಲ್ಲಿ ರಾಜೇಂದ್ರ ದಂಡೆತ್ತಿ ಹೋಗಿ ಶ್ರೀವಿಜಯ, ಕಡಾರಂಗಳನ್ನು ಕೊಳ್ಳೆ ಹೊಡೆದ. ಯುದ್ಧದ್ವಾರದ ವಿದ್ಯಾಧರ ತೋರಣ ಎಂಬ ಬಾಗಿಲ ಕಮಾನನ್ನು ಕಿತ್ತು ತಂದೆವೆಂದು ಅವನ ಶಾಸನವೇ ಹೆಮ್ಮೆಪಡುತ್ತದೆ. ಇಲ್ಲದ ಊರಿಗೆ ತೋರಣ ಎಲ್ಲಿಂದ ಬರಬೇಕು.

ಕನ್ನಡ ನಾಡಿನ ನಂಟು ಬೇಕೆಂದರೆ ಅದು ಬೇರೆ ಕಡೆ, ಗಟ್ಟಿಯಾಗಿಯೇ ಇದೆ. ಸುಮಾತ್ರಾದ ಪಶ್ಚಿಮ ತೀರದ ಬಾರುಸ್ ಕರ್ಪೂರದ ಬಂದರು. ಅಲ್ಲಿ ಸಿಕ್ಕ ಶಕ 1010ರ, ಅಂದರೆ ಕ್ರಿ.ಶ. 1088ರ ತಮಿಳು ಶಾಸನ ಐನೂರ್ವರದ್ದು. ನಮ್ಮ ಐಹೊಳೆಯ ಹೆಸರಿನಿಂದ ಅಯ್ಯಾವೊಳೆ ಐನೂರ್ವರು ಎನಿಸಿಕೊಂಡ ಅದೇ ವರ್ತಕರ ಸಂಘ. ಬಂದ ಹಡಗಿನವರು ಚಿನ್ನದಲ್ಲಿ ಕೊಡಬೇಕಾದ ಕರದ ಮಾತು ಅದರಲ್ಲಿದೆ. ಊರು ಕಟ್ಟಿದ್ದು ಇವರೂ ಅಲ್ಲ, ಊರಿನ ಪದ್ಧತಿಗೆ ಹೊಂದಿಕೊಂಡು ವ್ಯಾಪಾರ ಮಾಡಿದವರು.

ಮಲಕ್ಕಾದ ಕತೆ 1400ರ ಆಸುಪಾಸಿನದು. ಪಲೆಂಬಾಂಗ್‌ನ ರಾಜಕುಮಾರ ಪರಮೇಶ್ವರ ತೆಮಾಸೆಕ್, ಅಂದರೆ ಇಂದಿನ ಸಿಂಗಪುರದಲ್ಲಿ ಕಾಲೂರಲಾಗದೆ ಉತ್ತರಕ್ಕೆ ಬಂದು ಈ ಹೊಳೆಬಾಯಲ್ಲಿ ನೆಲೆ ನಿಂತ. ಅವನು ಒರಗಿ ಕೂತಿದ್ದ ಮರದಿಂದ ಊರಿಗೆ ಹೆಸರು ಬಂತೆಂದು ಮಲಯರ ಐತಿಹ್ಯ. ಮಲಕ ಎಂಬ ಆ ಮರ ಸಂಸ್ಕೃತದ ಆಮಲಕ, ನಮ್ಮ ಬೆಟ್ಟದ ನೆಲ್ಲಿ. ಅರಸನ ಬಿಡಾರ ಹೊಳೆಯ ಮೇಲೆ ಬೆರ್ತಾಮ್‌ನಲ್ಲಿ, ಪೇಟೆ ಅಳಿವೆಯಲ್ಲಿ. ಮತ್ತೆ ಅದೇ ಹುಲು, ಕ್ವಾಲಾ. ಎದುರಿಗೆ ಸುಮಾತ್ರಾ ಅಡ್ಡವಿರುವುದರಿಂದ ಬಿರುಗಾಳಿಯ ಕಾಟ ಕಡಿಮೆ. ನೈಋತ್ಯ ಮಾರುತ ನಮ್ಮ ಕಡೆಯ ಹಡಗನ್ನು ತಂದು ಬಿಡುತ್ತದೆ, ಈಶಾನ್ಯ ಮಾರುತ ಚೀನಾದ್ದನ್ನು. ನೆಲ ಮಾತ್ರ ಬರಡು. ಅಕ್ಕಿ ಜಾವಾ, ಸಿಯಾಂ (ಈಗಿನ ಥಾಯ್ಲೆಂಡ್), ಪೆಗುವಿನಿಂದ (ಈಗಿನ ಮ್ಯಾನ್ಮಾರ್) ಬರಬೇಕು. ಹಡಗು ತಪ್ಪಿದರೆ ಒಲೆ ಹೊತ್ತದ ಊರು.

ಮಾ ಹುವಾನ್ ಕಂಡ ಮಲಕ್ಕಾದಲ್ಲಿ ಹೊಳೆಗೆ ಮರದ ಸೇತುವೆ, ಅದರ ಮೇಲೆ ಇಪ್ಪತ್ತಕ್ಕೂ ಹೆಚ್ಚು ಮಂಟಪದ ಅಂಗಡಿಗಳು. ಎಲ್ಲ ವ್ಯಾಪಾರವೂ ಅಲ್ಲೇ. ಗುಡ್ಡದ ಮೇಲೆ ಅರಮನೆ. ಹೊಳೆಯ ಒಂದು ಬದಿ ಉಪೆ, ವರ್ತಕರ ಕೇರಿ. ಚೀನಾದವರು ತಮ್ಮ ಉಗ್ರಾಣಕ್ಕೆ ಗೂಟಗಳ ಬೇಲಿ ಹಾಕಿ, ನಾಲ್ಕು ಬಾಗಿಲು, ನಗಾರಿ ಗೋಪುರ ಇಟ್ಟು ರಾತ್ರಿ ಗಂಟೆ ಹಿಡಿದು ಕಾವಲು ತಿರುಗುತ್ತಿದ್ದರು. ಓಲೆ ಮಾಡಿನ ಊರಿನಲ್ಲಿ ಕಳ್ಳನಿಗಿಂತ ಬೆಂಕಿಯ ಭಯ ಹೆಚ್ಚು. ಬೆಲೆಬಾಳುವ ಸರಕು ಗುದಾಂಗ್‌ಗೆ ಹೋಗುತ್ತಿತ್ತು. ನಮ್ಮ ಗೋದಾಮು ಅದರ ನೆಂಟ.

ಆಡಳಿತದ ಅಚ್ಚುಕಟ್ಟಿಗೆ ಶಾಬಂದರ್ ವ್ಯವಸ್ಥೆ ನೋಡಬೇಕು. ನಾಲ್ವರು ಬಂದರು ಅಧಿಕಾರಿಗಳು. ಗುಜರಾತಿಗಳಿಗೇ ಒಬ್ಬ, ಕೋರಮಂಡಲದ ಕೆಲಿಂಗರು, ಬಂಗಾಳ, ಪೆಗು, ಉತ್ತರ ಸುಮಾತ್ರಾದ ಪಾಸೈಯವರಿಗೆ ಇನ್ನೊಬ್ಬ, ಜಾವಾ ಮತ್ತು ಮಸಾಲೆ ದ್ವೀಪಗಳ ಕಡೆಯವರಿಗೆ ಮೂರನೆಯವ, ಚೀನಾ, ಚಂಪಾದವರಿಗೆ (ಈಗಿನ ವಿಯೆಟ್ನಾಂ ಕಡೆ) ನಾಲ್ಕನೆಯವ. ಹಡಗು ಬಂದ ಕೂಡಲೇ ನಾಖುದಾ, ಅಂದರೆ ಹಡಗಿನ ಒಡೆಯ, ತನ್ನ ಶಾಬಂದರನ ಬಳಿ ಹೋಗಬೇಕು. ಅವನು ಮಂತ್ರಿಯಾದ ಬೆಂದಹಾರನ ಭೇಟಿ ಮಾಡಿಸಿ, ಉಗ್ರಾಣ ಕೊಡಿಸಿ, ಸಾಗಣೆಗೆ ಆನೆ ಗೊತ್ತುಮಾಡುತ್ತಾನೆ. ಹತ್ತು ವರ್ತಕರು, ಐವರು ಕೆಲಿಂಗರು, ಐವರು ಇತರರು, ಕೂತು ಸರಕಿಗೆ ಬೆಲೆ ಕಟ್ಟುತ್ತಾರೆ. ಪಶ್ಚಿಮದಿಂದ ಬಂದವರಿಗೆ ನೂರಕ್ಕೆ 6 ಸುಂಕ, ಜೊತೆಗೆ ಕಾಣಿಕೆ. ಪೂರ್ವದವರಿಗೆ ಸುಂಕವಿಲ್ಲ, ಕಾಣಿಕೆ ಮಾತ್ರ. ಗಾಳಿ ತಿರುಗುವ ಮುನ್ನ ಮಾರಿ, ಕೊಂಡು ಹೊರಡಬೇಕಾದವನಿಗೆ ಚೌಕಾಸಿಗೆ ತಿಂಗಳುಗಟ್ಟಲೆ ಕೂರುವ ಪುರುಸೊತ್ತಿಲ್ಲ; ಈ ಪದ್ಧತಿ ಆ ಸಮಯ ಉಳಿಸಿತು. ಭಟ್ಕಳದ ನವಾಯತರಲ್ಲಿ ಶಾಬಂದ್ರಿ ಎಂಬ ಮನೆತನದ ಹೆಸರು ಇಂದಿಗೂ ಇದೆ. ಹುದ್ದೆ ಕಡಲಿನ ಎರಡೂ ಬದಿಗೆ ಒಂದೇ. 1510ರ ದಶಕದಲ್ಲಿ ಅಲ್ಲಿದ್ದ ಪೋರ್ಚುಗೀಸ್ ತೋಮೆ ಪಿರೆಸ್ ಆ ಬಂದರಿನಲ್ಲಿ 84 ಭಾಷೆಗಳಿದ್ದವು ಎಂದು ಎಣಿಸಿದ, ಬಂದವರ ಪಟ್ಟಿಯಲ್ಲಿ ಗೋವಾ, ದಖ್ಖನಿನವರೂ ಇದ್ದಾರೆ.

ಹೊನ್ನಾವರದ ತಿಮ್ಮೋಜನ ನೆರವಿನಿಂದ 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸ್ ಸೇನಾನಿ ಆಲ್ಬುಕರ್ಕ್ ಮರುವರ್ಷ ಮಲಕ್ಕಾಕ್ಕೆ ಹೋದ. ಅವನ ಗುರಿ ಅರಮನೆಯಾಗಿರಲಿಲ್ಲ, ಸೇತುವೆ. ಅದು ಕೈಸೇರಿದರೆ ಊರು ಎರಡು ಹೋಳು. ಎತ್ತರದ ಜುಂಕು ಹಡಗೊಂದನ್ನು ಸೇತುವೆಗೆ ಒರಗಿಸಲು ಹೊರಟರೆ ಅದು ಅಳಿವೆಯ ಮರಳುದಿಬ್ಬಕ್ಕೆ ಸಿಕ್ಕಿಕೊಂಡು, ದೊಡ್ಡ ಉಬ್ಬರಕ್ಕೆ ದಿನಗಟ್ಟಲೆ ಕಾಯಬೇಕಾಯಿತು. ಆಗಸ್ಟ್ 24ಕ್ಕೆ ಊರು ಬಿತ್ತು. ಊರಿನಲ್ಲಿ ಕಲ್ಲಿದ್ದದ್ದು ಮಸೀದಿಯಲ್ಲಿ, ಸುಲ್ತಾನರ ಗೋರಿಗಳಲ್ಲಿ. ಅದನ್ನು ಕಿತ್ತೇ ಕೋಟೆ ಕಟ್ಟಿದರು. ಆ ಕೋಟೆಯನ್ನು 1807ರಲ್ಲಿ ಇಂಗ್ಲಿಷರು ಒಡೆದರು. ಲೇಖನದ ಜೊತೆಗಿದ್ದ ಫೋಟೋದ ಹೆಬ್ಬಾಗಿಲು ಉಳಿದ ತುಂಡು. ಅದರ ನೆತ್ತಿಯಲ್ಲಿ ಕೆತ್ತಿರುವ ಇಸವಿ 1670, ಲಾಂಛನ ಡಚ್ ಕಂಪನಿಯದು.

ಮಲಕ್ಕಾದ ಸುಲ್ತಾನ ಮಹಮೂದ್ ಓಡಿಹೋದನೇ ಹೊರತು ರಾಜ್ಯ ಮುಗಿಯಲಿಲ್ಲ. ಹೊಳೆಬಾಯಿ ಸಿಕ್ಕಲ್ಲೆಲ್ಲ ಅದು ಮತ್ತೆ ಎದ್ದಿತು. ಅವನ ವಂಶದವರ ರಾಜಧಾನಿ ಜೋಹೋರ್ ಲಾಮಾವನ್ನು ಪೋರ್ಚುಗೀಸರು 1587ರಲ್ಲಿ ಸುಟ್ಟರು, ರಾಜಧಾನಿ ಇನ್ನೊಂದೆಡೆಗೆ ಹೋಯಿತು. ಮಣ್ಣಿನ ಕೋಟೆಯ ದಿಬ್ಬ ಈಗಲೂ ಇದೆ. ಪೆರಾಕ್‌ನಲ್ಲಂತೂ ಸುಲ್ತಾನ ಬದಲಾದಂತೆ ರಾಜಧಾನಿಯೂ ಹೊಳೆಯುದ್ದಕ್ಕೆ ಬದಲಾಗುತ್ತಿತ್ತು, ಗೋರಿಗಳನ್ನು ನೋಡಿಕೊಂಡೇ ಜಾಗ ಗುರುತಿಸಬೇಕು. ಒಂದೇ ಕಡೆ ಬೇರೂರಿದ, ಕೆಡಾದ ಆಲೋರ್ ಸೆತಾರ್‌ನಂಥ ರಾಜಧಾನಿ 1735ರಷ್ಟು ಈಚಿನದು.

ಬುಜಾಂಗ್‌ನಲ್ಲಿ 2013ರಲ್ಲಿ ಬಡಾವಣೆಗಾಗಿ ಒಂದು ಚಂಡಿಯ ಬುಡವನ್ನೇ ನೆಲಸಮ ಮಾಡಿದ್ದು ದೊಡ್ಡ ಗಲಾಟೆಯಾಗಿತ್ತು. ಇಟ್ಟಿಗೆಯ ಗುಪ್ಪೆಯಂತೆ ಕಂಡರೆ ಆಗುವುದು ಹಾಗೆಯೇ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುವುದಾದರೆ ಮಲಕ್ಕಾಕ್ಕೆ ‘1400ರ ಸುಮಾರಿಗೆ ಪರಮೇಶ್ವರ ನೆಲೆಗೊಳಿಸಿದ, 1511ರಲ್ಲಿ ಪೋರ್ಚುಗೀಸರು ವಶಪಡಿಸಿಕೊಂಡ’ ಎಂದೂ, ಬುಜಾಂಗ್‌ಗೆ ‘ಚೋಳರು ಕಟ್ಟಿದ’ ಎಂಬಲ್ಲಿ ‘ಚೋಳರು ದಾಳಿ ಮಾಡಿದ’ ಎಂದೂ ಹಾಕಿ. ಮಲಕ್ಕಾಕ್ಕೆ ಹೋಗುವವರು ಕೆಂಪು ಕಟ್ಟಡಗಳ ಚೌಕದ ಪಕ್ಕದ ಸೇತುವೆಯ ಮೇಲೆ ಉಬ್ಬರದ ಹೊತ್ತಿಗೆ ಹತ್ತು ನಿಮಿಷ ನಿಲ್ಲಲಿ. ಹಳೆಯ ಮರದ ಸೇತುವೆಯಿದ್ದದ್ದು ಹೆಚ್ಚುಕಡಿಮೆ ಅಲ್ಲೇ. ಒಂದು ಕಡೆ ಅರಮನೆಯ ಗುಡ್ಡ, ಇನ್ನೊಂದು ಕಡೆ ಉಪೆ, ಕೆಳಗೆ ಕಡಲಿನಿಂದ ಮೇಲಕ್ಕೆ ಹರಿಯುವ ನೀರು.

ಇತಿ,
ಕರಾವಳಿಯ ಓದುಗ