ಅಳಿಸುವ ಸಿನಿಮಾ ಎಂದಷ್ಟೇ ಬರೆದು ಮುಗಿಸಬೇಡಿ

ಮಾನ್ಯ ಸಂಪಾದಕರೇ,

ಹದಿಹರೆಯದವರ ಸಿನಿಮಾದಲ್ಲಿ ಕ್ಯಾನ್ಸರ್ ಬಂತು ಅಂದರೆ ಸಾಕು, ಸಿನಿಮಾ ಪುಟಗಳಲ್ಲಿ ಅದಕ್ಕೆ ಒಂದೇ ಹಣೆಪಟ್ಟಿ: ಕಣ್ಣೀರು ತರಿಸುವ ಚಿತ್ರ. 2015ರ 'ಮಿ ಆ್ಯಂಡ್ ಅರ್ಲ್ ಆ್ಯಂಡ್ ದ ಡೈಯಿಂಗ್ ಗರ್ಲ್' ಬಗ್ಗೆಯೂ ಹಾಗೇ ಬರೆದರೆ ಬೇಜಾರಾಗುತ್ತದೆ. ಅಲ್ಫಾನ್ಸೊ ಗೊಮೆಜ್-ರೆಹಾನ್ ನಿರ್ದೇಶಿಸಿದ, ಜೆಸ್ಸಿ ಆ್ಯಂಡ್ರೂಸ್ ತಮ್ಮದೇ ಕಾದಂಬರಿ ಇಟ್ಟುಕೊಂಡು ಚಿತ್ರಕಥೆ ಬರೆದ ಈ ಸಿನಿಮಾ ಆ ವರ್ಷ ಅಮೆರಿಕದ ಸನ್‌ಡಾನ್ಸ್ ಸಿನಿಮಾ ಉತ್ಸವದಲ್ಲಿ ತೀರ್ಪುಗಾರರ ದೊಡ್ಡ ಪ್ರಶಸ್ತಿ, ಪ್ರೇಕ್ಷಕರ ಪ್ರಶಸ್ತಿ ಎರಡನ್ನೂ ಗೆದ್ದಿತ್ತು. ಇಷ್ಟು ನಗಿಸುವ ಸಿನಿಮಾವನ್ನು ಬರೀ ಅಳುವಿಗೆ ಕಟ್ಟಿಹಾಕಬಾರದು ಅಲ್ವಾ?

ಪಿಟ್ಸ್‌ಬರ್ಗ್‌ನ ಹೈಸ್ಕೂಲಿನ ಕೊನೆ ವರ್ಷದ ಹುಡುಗ ಗ್ರೆಗ್. ಯಾವ ಗುಂಪಿಗೂ ಸೇರದೆ, ಎಲ್ಲರ ಜೊತೆ ಮೇಲುಮೇಲಕ್ಕೆ ಚೆನ್ನಾಗಿದ್ದುಕೊಂಡು ಹೇಗೋ ಶಾಲೆ ಮುಗಿಸಿದರೆ ಸಾಕು ಅನ್ನುವುದು ಅವನ ಲೆಕ್ಕಾಚಾರ. ಚಿಕ್ಕಂದಿನಿಂದ ಜೊತೆಗಿರುವ ಅರ್ಲ್‌ನನ್ನೂ 'ಸಹೋದ್ಯೋಗಿ' ಅನ್ನುತ್ತಾನೆ, ಗೆಳೆಯ ಅನ್ನುವುದಕ್ಕೇ ಅವನಿಗೆ ಅಂಜಿಕೆ. ಇಬ್ಬರೂ ಸೇರಿ ಹಳೆಯ ದೊಡ್ಡ ಸಿನಿಮಾಗಳನ್ನು ಅಣಕಿಸಿ ಪುಟ್ಟ ಚಿತ್ರ ಮಾಡುತ್ತಿರುತ್ತಾರೆ. ಅಷ್ಟರಲ್ಲಿ ಸಹಪಾಠಿ ರೇಚೆಲ್‌ಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಅಮ್ಮನ ಒತ್ತಾಯ ತಡೆಯಲಾರದೆ ಗ್ರೆಗ್ ಅವಳ ಮನೆಗೆ ಹೋಗುತ್ತಾನೆ. ಕನಿಕರ ಬೇಡ ಅನ್ನುತ್ತಾಳೆ ಅವಳು. ಅಮ್ಮ ಕಳಿಸಿದ್ದಕ್ಕೆ ಬಂದೆ ಅಂತ ಇವನು ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಡುತ್ತಾನೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಇದೇ. ಕಾಯಿಲೆ ಬಿದ್ದ ಹುಡುಗ ಹುಡುಗಿಯರ ಸುತ್ತ ಇರುವವರು ಒಂದೋ ಕಾಣೆಯಾಗುತ್ತಾರೆ, ಇಲ್ಲಾ ಧೈರ್ಯವಾಗಿರು, ಎಲ್ಲ ಸರಿಹೋಗುತ್ತೆ ಅಂತ ಹೇಳಿದ್ದನ್ನೇ ಹೇಳುತ್ತಾರೆ. ಆ ವಯಸ್ಸಿನ ಗೆಳೆಯರು ದೂರ ಸರಿಯುವುದು ಎಷ್ಟೋ ಸಲ ಪ್ರೀತಿ ಇಲ್ಲದೆ ಅಲ್ಲ, ಬಾಯಿತಪ್ಪಿ ಏನಾದರೂ ಅಂದುಬಿಟ್ಟರೆ ಅನ್ನುವ ಭಯಕ್ಕೆ. ಗ್ರೆಗ್ ಅಂತೂ ಪ್ರತಿ ಸಲ ಏನಾದರೊಂದು ಎಡವಟ್ಟು ಮಾತಾಡುತ್ತಾನೆ, ಆದರೂ ಮಾರನೇ ದಿನ ಹೋಗುತ್ತಾನೆ. ಸುಮ್ನೆ ಹರಟೆ ಹೊಡೆಯುತ್ತಾರೆ, ನಗುತ್ತಾರೆ. ಇದರಲ್ಲಿ ಪ್ರೇಮಕಥೆ ತುರುಕದೇ ಇದ್ದಿದ್ದು ದೊಡ್ಡ ಸಮಾಧಾನ.

ಕೀಮೋ ಔಷಧ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನೆಲ್ಲ ಹೊಡೆಯುತ್ತದೆ, ಕ್ಯಾನ್ಸರಿನದೋ ಕೂದಲ ಬುಡದ್ದೋ ಅಂತ ನೋಡುವುದಿಲ್ಲ, ಅದಕ್ಕೇ ಕೂದಲು ಉದುರುವುದು. ರೇಚೆಲ್ ಪಾತ್ರಕ್ಕಾಗಿ ಒಲಿವಿಯಾ ಕುಕ್ ನಿಜಕ್ಕೂ ತಲೆ ಬೋಳಿಸಿಕೊಂಡಿದ್ದರು. ಇನ್ನು ಚಿಕಿತ್ಸೆ ಬೇಡ ಅಂತ ರೇಚೆಲ್ ಹೇಳುವ ದೃಶ್ಯವಿದೆಯಲ್ಲ, ಅಲ್ಲಿ ಕ್ಯಾಮೆರಾ ಕದಲುವುದೇ ಇಲ್ಲ, ಶಾಟ್ ಕಟ್ ಆಗುವುದೂ ಇಲ್ಲ. ಅವಳು ಒಂದು ಕಡೆ, ಅವನು ಒಂದು ಕಡೆ. ಅವನು ಸಿಟ್ಟಾಗುತ್ತಾನೆ, ಕೆಟ್ಟದಾಗಿ ಮಾತಾಡುತ್ತಾನೆ. ನಾವು ಬೇರೆ ಕಡೆ ನೋಡೋಣ ಅಂದರೂ ಸಿನಿಮಾ ಬಿಡುವುದಿಲ್ಲ. ಅಷ್ಟು ನೋವು ತಿನ್ನುತ್ತಿರುವವಳ ಮೇಲೆ ಹೀಗೆ ರೇಗಬಹುದಾ ಅನಿಸುತ್ತದೆ, ಅವನ ಸಂಕಟವೂ ಅರ್ಥವಾಗುತ್ತದೆ.

ಒಂದು ತಕರಾರು ಇದೆ. ರೇಚೆಲ್‌ಗೂ ಅವಳದೇ ಒಂದು ಲೋಕ ಇತ್ತು ಅನ್ನುವುದು ಗೊತ್ತಾಗುವುದು ತೀರಾ ಕೊನೆಗೆ. ಅಲ್ಲಿವರೆಗೆ ಎಲ್ಲವೂ ಗ್ರೆಗ್‌ನ ಕಣ್ಣಲ್ಲೇ. ಅರ್ಲ್‌ಗೂ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ. ವಿಮರ್ಶೆಯಲ್ಲಿ ಚರ್ಚೆಯಾಗಬೇಕಾದ್ದು ಇಂಥದ್ದು.

ಮುಂದಿನ ಸಲ ನಿಮ್ಮ ಸಿನಿಮಾ ಪುಟದಲ್ಲಿ ಇಂಥ ಚಿತ್ರ ಬಂದಾಗ, ಎಷ್ಟು ಅಳಿಸಿತು ಅನ್ನುವುದರ ಬದಲು ಆ ಮಕ್ಕಳು ಒಬ್ಬರಿಗೊಬ್ಬರು ಏನು ಮಾತಾಡಿಕೊಂಡರು, ಎಲ್ಲಿ ಜಗಳವಾಡಿದರು ಅಂತ ದಯವಿಟ್ಟು ಬರೆಸಿ.

ಇಂತಿ,
ನಿಮ್ಮ ಓದುಗ