ಹೊಸಬರು ಜೇನಿನ ಬಗ್ಗೆ ಕೇಳಿದಾಗ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹೊಸದಾಗಿ ಜೇನು ಸಾಕುವವರ ಫೋನು ಜಾಸ್ತಿಯಾಗಿದೆ, ಎಲ್ಲರೂ ಕೇಳಿದ್ದನ್ನೇ ಕೇಳುತ್ತಾರೆ ಅಂತ ಬರೆದಿದ್ದೀಯ. ಪ್ರಶ್ನೆ ಒಂದೇ ಇರಬಹುದು ಮಾರಾಯ, ಪೆಟ್ಟಿಗೆ ಒಂದೇ ಅಲ್ಲವಲ್ಲ.

‘ಪೆಟ್ಟಿಗೆ ಖಾಲಿಯಾಗಿದೆ, ಯಾಕೆ?’ ಅನ್ನುವುದನ್ನೇ ತಗೋ. ನೀನು ಥಟ್ಟನೆ ‘ಇರುವೆ ಕಾಟ’ ಅಂದುಬಿಡುತ್ತೀಯ. ಕೇಳಿದವನು ಪೆಟ್ಟಿಗೆಯ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟು ಸುಮ್ಮನಾಗುತ್ತಾನೆ. ಮೊದಲು, ಎರಿಯಲ್ಲಿ, ಅಂದರೆ ನೊಣ ಕಟ್ಟಿದ ಮೇಣದ ಹಲ್ಲೆಯಲ್ಲಿ, ಏನು ಉಳಿದಿದೆ ಅಂತ ಕೇಳು. ಒಂದು ಹನಿ ಜೇನುತುಪ್ಪವೂ ಇಲ್ಲದಿದ್ದರೆ ಹಸಿವಿಗೆ ಹಾರಿ ಹೋಗಿರಬಹುದು. ಬಲೆ ಕಟ್ಟಿದ್ದರೆ ಮೇಣದ ಹುಳು. ಅದೂ ಎಷ್ಟೋ ಸಲ ಕುಟುಂಬ ಸೊರಗಿದ ಮೇಲೆ ಬರುವುದು. ಅರ್ಧ ನೊಣ ಉಳಿದು, ಎರಿಯ ಕೆಳ ಅಂಚಿನಲ್ಲಿ ರಾಣಿ ಕೋಶ ನೇತಾಡುತ್ತಿದ್ದರೆ ಕುಟುಂಬ ಪಾಲಾಗಿದೆ ಅಷ್ಟೆ, ಹೆದರಬೇಕಾಗಿಲ್ಲ. ಮರಿಹುಳು ನೀರು ತುಂಬಿದ ಚೀಲದ ಹಾಗೆ ಸತ್ತಿದ್ದರೆ ಮಾತ್ರ ಗಂಭೀರ. 1990ರ ದಶಕದ ಶುರುವಿನಲ್ಲಿ ಹೀಗೆ ಮರಿ ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ, ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ತುಡುವೆ ಜೇನನ್ನು ಹೇಗೆ ಬರಿದು ಮಾಡಿತು ಅಂತ ಹಿರಿಯರು ಇವತ್ತಿಗೂ ಹೇಳುತ್ತಾರಲ್ವಾ. ಎರಿ ಕಣ್ಣಾರೆ ನೋಡದೆ ಆ ರೋಗದ ಹೆಸರು ಹೇಳಬೇಡ. ಕಂಡರೆ ಮುಚ್ಚಿಡಲೂ ಬೇಡ. ಆ ಎರಿಯನ್ನು ಬೇರೆ ಪೆಟ್ಟಿಗೆಗೆ ಹಾಕಬೇಡ ಅಂತ ಮೊದಲು ಹೇಳು.

ಊರು ಯಾವುದು ಅಂತಲೂ ಕೇಳು. ನಮ್ಮ ಕೊಡಗಿನಲ್ಲೇ ಭಾಗಮಂಡಲದ ಮಳೆಯೇ ಬೇರೆ, ಕುಶಾಲನಗರದ ಮಳೆಯೇ ಬೇರೆ. ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಡಬೇಕು ಅನ್ನುವುದು ಅರ್ಧ ಉತ್ತರ. ಸಂಜೆ ಕೊಡಬೇಕು, ಪೆಟ್ಟಿಗೆಯ ಒಳಗೇ ಇಡಬೇಕು, ಹೊರಗೆ ಚೆಲ್ಲಬಾರದು. ಇಲ್ಲದಿದ್ದರೆ ಪಕ್ಕದ ಕುಟುಂಬದ ನೊಣಗಳು ನುಗ್ಗಿ ದೋಚುತ್ತವೆ. ಕಾಫಿ ಹೂವಿನ ಕಾಲದಲ್ಲಿ ಪೆಟ್ಟಿಗೆಯ ಮೇಲೆ ತುಪ್ಪ ತುಂಬಲು ಜೇನು ಕೋಣೆ ಇಟ್ಟಿರುವಾಗ ಪಾಕ ಕೊಡಲೇಬಾರದು, ಅದು ತುಪ್ಪಕ್ಕೆ ಸೇರುತ್ತದೆ. ನಿನಗೆ ಇದೆಲ್ಲ ಕೈಗೆ ರೂಢಿಯಾಗಿ ಹೋಗಿದೆ, ಅದಕ್ಕೇ ಬಾಯಲ್ಲಿ ಬರುವುದಿಲ್ಲ.

ಇನ್ನೊಂದು. ನಗಬೇಡ. ‘ನನ್ನ ಪೆಟ್ಟಿಗೆ ಯಾಕೆ ಇಪ್ಪತ್ತು ಕೆಜಿ ಕೊಡಲಿಲ್ಲ?’ ಅಂತ ಕೇಳುವವನು ಪೆದ್ದನಲ್ಲ. ಅವನು ಮೊಬೈಲಿನಲ್ಲಿ ನೋಡಿದ್ದು ಹೆಚ್ಚು ತುಪ್ಪ ಕೊಡುವ ವಿದೇಶಿ ಮೆಲ್ಲಿಫೆರಾ ಜೇನಿನ ವೀಡಿಯೋ, ಹತ್ತು ಚೌಕಟ್ಟಿನ ದೊಡ್ಡ ಪೆಟ್ಟಿಗೆ. ಅವನ ತೋಟದಲ್ಲಿರುವುದು ಅಷ್ಟು ತುಪ್ಪ ಕೊಡದ ತುಡುವೆ. ತಪ್ಪು ಎಲ್ಲಿ ಹುಟ್ಟಿತು ಅಂತ ತೋರಿಸಿದರೆ ಮುಂದಿನ ನಾಲ್ಕು ಪ್ರಶ್ನೆ ತಾನಾಗಿಯೇ ಕಡಿಮೆಯಾಗುತ್ತದೆ. ಹಾಗಂತ ಕೈಗವಸು ಬೇಕಾ ಅಂತ ಕೇಳಿದವನಿಗೆ ಜೇನಿನ ವಂಶಾವಳಿ ಹೇಳುತ್ತಾ ಕೂರಬೇಡ. ನಿನಗೆ ಆ ಚಟ ಇದೆ!

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡು ಅಂತ ದಾರಿ ತೋರಿಸಿದರೂ ಅದು ಉತ್ತರವೇ. ‘ಯೂಟ್ಯೂಬ್ ನೋಡ್ಕೋ ಹೋಗು’ ಅನ್ನುವುದು ಉತ್ತರ ಅಲ್ಲ, ಬಾಗಿಲು ಹಾಕಿದ ಹಾಗೆ.

ಒಂದು ಕಡೆ ಮಾತ್ರ ನಯ ನಾಜೂಕು ಬೇಡ. ಜೇನು ಕಚ್ಚಿದ ಮೇಲೆ ಉಸಿರು ಕಟ್ಟುತ್ತಿದೆ, ತುಟಿ ಊದುತ್ತಿದೆ ಅಂತ ಯಾರಾದರೂ ಫೋನು ಮಾಡಿದರೆ ಮನೆಮದ್ದು ಹೇಳಬೇಡ, ಯಾವ ಜೇನು ಅಂತ ವಿಚಾರಿಸುತ್ತಲೂ ಕೂರಬೇಡ. ಈಗಲೇ ಆಸ್ಪತ್ರೆಗೆ ಹೋಗಿ ಅಂತ ಜೋರಾಗಿಯೇ ಹೇಳು. ಒಬ್ಬನೇ ಏಣಿ ಹಾಕಿ ಹೆಜ್ಜೇನು ಇಳಿಸುತ್ತೇನೆ ಅನ್ನುವವನಿಗೂ ಅಷ್ಟೆ, ಬೇಡ ಅಂದರೆ ಬೇಡ.

ಅಂದ ಹಾಗೆ, ನಾಪೋಕ್ಲು ಕಡೆಯ ಒಬ್ಬ ಹುಡುಗನಿಗೆ ನಿನ್ನ ನಂಬರ್ ಕೊಟ್ಟಿದ್ದೇನೆ. ಅವನ ಪೆಟ್ಟಿಗೆಯೂ ಖಾಲಿಯಾಗಿದೆಯಂತೆ. ಬೈಕೋಬೇಡ, ಫೋನು ಎತ್ತು.

ಇಂತಿ ನಿನ್ನ ಗೆಳೆಯ